ಮೂರನೇ ಕೈ ಯಾರದು?

ಭಾನುವಾರ ಮಧ್ಯಾಹ್ನ, ಪುಣೆಯದೋ ಹೈದರಾಬಾದಿನದೋ ಒಂದು ಫ್ಲಾಟಿನ ಹಾಲ್ ಎಂದುಕೊಳ್ಳಿ. ಊಟದ ಮೇಜಿನ ಮೇಲೆ ಕೈಯಲ್ಲಿ ಬರೆದ ನಕ್ಷೆ, ಪೆನ್ಸಿಲ್ಲು, ಚಿಪ್ಸು, ಬಣ್ಣಬಣ್ಣದ ದಾಳಗಳು. ಐದು ಜನ ಒಂದು ವರ್ಷದಿಂದ ಒಂದೇ ಕಥೆಯನ್ನು ಆಡುತ್ತ ಬಂದಿದ್ದಾರೆ. ಗಾಬ್ಲಿನ್ ಎಷ್ಟು ಏಟಿಗೆ ಬೀಳುತ್ತದೆ, ಟ್ರೋಲ್‌ಗೆ ಬೆಂಕಿ ಯಾಕೆ ಹಚ್ಚಬೇಕು ಎಂಬುದೆಲ್ಲ ಮಗ್ಗಿಯ ಹಾಗೆ ಬಾಯಿಪಾಠ. ಆಟ ನಡೆಸುವ ಡಂಜನ್ ಮಾಸ್ಟರಿಗೆ ಹೊಸದೇನಾದರೂ ಬೇಕು. ನೂರು ಸಾಲಿನ ಒಂದು ಪಟ್ಟಿ ಸಿಗುತ್ತದೆ. ದಾಳ ಉರುಳಿಸಿದರೆ 47: ಮೂರನೇ ಕೈ. ಮತ್ತೊಮ್ಮೆ 82: ಮೈತುಂಬ ಕೀವು. ಕಾಡಿನಿಂದ ಆರು ಮ್ಯೂಟೆಂಟ್‌ಗಳು ಹೊರಬೀಳುತ್ತವೆ, ಇಪ್ಪತ್ತು ನಿಮಿಷದಲ್ಲಿ ಸಾಯುತ್ತವೆ. ಆ ಮೂರನೇ ಕೈ ಎಲ್ಲಿಂದ ಬಂತು ಎಂದು ಒಬ್ಬರೂ ಕೇಳುವುದಿಲ್ಲ.

ಈ ಆಟ ಆಡಿ ಗೊತ್ತಿಲ್ಲದವರಿಗೆ ಎರಡು ಮಾತು. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನಿಂದ ಇದು ಶುರು. ಒಬ್ಬರು ಲೋಕವನ್ನು ಹೇಳುತ್ತ ಹೋಗುತ್ತಾರೆ, ಉಳಿದವರು ಒಂದೊಂದು ಪಾತ್ರವಾಗಿ ಮಾತಾಡುತ್ತಾರೆ, ಅನುಮಾನ ಬಂದಲ್ಲಿ ದಾಳ ತೀರ್ಮಾನಿಸುತ್ತದೆ. ತಾಳಮದ್ದಳೆಗೆ ದಾಳ ಸೇರಿಸಿ, ಪ್ರಸಂಗದ ಕೊನೆ ಯಾರಿಗೂ ಮೊದಲೇ ಗೊತ್ತಿಲ್ಲದಂತೆ ಮಾಡಿದರೆ ಹೆಚ್ಚುಕಡಿಮೆ ಇದೇ ಆದೀತು. ವೇಷವಿಲ್ಲ, ಕುಣಿತವಿಲ್ಲ, ಎಲ್ಲವೂ ಮಾತಿನಲ್ಲೇ. ಹಾಗಾಗಿ ಯಾವುದನ್ನು ಏನೆಂದು ಕರೆಯುತ್ತೇವೆ ಎಂಬುದು ಇಲ್ಲಿ ಸಣ್ಣ ವಿಷಯವಲ್ಲ.

ದಾಳ ಉರುಳಿಸಿ ಮ್ಯೂಟೆಂಟ್ ಹುಟ್ಟಿಸುವ ಈ ಚಾಳಿ ಸೋಮಾರಿತನ. ಅದಕ್ಕೆ ಪರಂಪರೆಯ ಸಮರ್ಥನೆ ಬೇರೆ: ಎಪ್ಪತ್ತರ ದಶಕದಿಂದಲೂ ಹೀಗೇ ಇದೆಯಲ್ಲ ಎಂದು. ಇಲ್ಲ, ಹೀಗಿರಲಿಲ್ಲ. 1976ರಲ್ಲಿ ಜೇಮ್ಸ್ ವಾರ್ಡ್ ಬರೆದ ಮೆಟಮಾರ್ಫೊಸಿಸ್ ಆಲ್ಫಾ ತೆಗೆದುಕೊಳ್ಳಿ. ವಾರ್ಡನ್ ಎಂಬ ಬೃಹತ್ ಅಂತರಿಕ್ಷ ನೌಕೆ ವಿಕಿರಣದ ಮೋಡವೊಂದನ್ನು ಹಾದುಹೋಗುತ್ತದೆ. ಒಳಗಿನ ಜನ, ಪ್ರಾಣಿ, ಗಿಡ ಎಲ್ಲವೂ ಬದಲಾಗಿವೆ. ಎರಡು ವರ್ಷಗಳ ನಂತರ ಬಂದ ಗಾಮಾ ವರ್ಲ್ಡ್‌ನಲ್ಲಿ ಬದಲಾದದ್ದು ಮಹಾಯುದ್ಧದ ನಂತರದ ಭೂಮಿ. ಎರಡರಲ್ಲೂ ಪಟ್ಟಿಗಳಿವೆ, ದಾಳವೂ ಇದೆ. ಆದರೆ ಅಲ್ಲಿ ಆಟಗಾರರ ಪಾತ್ರಗಳೇ ಮ್ಯೂಟೆಂಟ್ ಆಗಬಹುದು. ಮೂರನೇ ಕೈ ಬಿದ್ದರೆ ಅದು ನಿಮ್ಮದೇ ಕೈ. ಅದಕ್ಕೆ ಅಂಗಿ ಎಲ್ಲಿ ಹೊಲಿಸುವುದು, ಅದರಿಂದ ಗುರಾಣಿ ಹಿಡಿಯಬಹುದೇ, ಊರೊಳಗೆ ಬಿಟ್ಟುಕೊಳ್ಳುತ್ತಾರೆಯೇ ಎಂದು ತಿಂಗಳುಗಟ್ಟಲೆ ಅದರೊಂದಿಗೇ ಬಾಳಬೇಕು. ಅದೇ ಪಟ್ಟಿಯನ್ನು ಆಟಗಾರರಿಂದ ಕಿತ್ತು ಎದುರಾಳಿಗೆ ಮಾತ್ರ ಅಂಟಿಸಿದರೆ ಅರ್ಥವೇ ತಲೆಕೆಳಗಾಗುತ್ತದೆ. ದೇಹ ಬದಲಾದದ್ದೇ ಕೊಲ್ಲಲು ಪರವಾನಗಿ ಎಂದಾಗುತ್ತದೆ.

ಫ್ಯಾಂಟಸಿಯಲ್ಲಿ ಮ್ಯೂಟೆಂಟ್ ಇರಲೇಬಾರದು, ಅದು ವಿಜ್ಞಾನಕಥೆಯ ಸರಕು ಎನ್ನುವ ಶುದ್ಧಾಚಾರಿಗಳೂ ಇದ್ದಾರೆ. ಅವರ ಜೊತೆ ಹೆಚ್ಚು ಹೊತ್ತು ವಾದಿಸಬೇಕಿಲ್ಲ. 1980ರ ಎಕ್ಸ್‌ಪೆಡಿಷನ್ ಟು ದ ಬ್ಯಾರಿಯರ್ ಪೀಕ್ಸ್‌ನಲ್ಲಿ ಗೈಗ್ಯಾಕ್ಸ್ ತಾನೇ ಖಡ್ಗ ಹಿಡಿದವರನ್ನು ಬಿದ್ದುಹೋದ ಅಂತರಿಕ್ಷ ನೌಕೆಯೊಳಗೆ ಕಳಿಸಿದ್ದಾನೆ. ಗೂಬೆಯ ಮುಖ, ಕರಡಿಯ ಮೈ ಇರುವ ಔಲ್‌ಬೇರ್ 1975ರಿಂದಲೂ ಕಾಡಿನಲ್ಲಿ ಓಡಾಡಿಕೊಂಡಿದೆ. ಅದರ ರೂಪ ಹುಟ್ಟಿದ್ದು ಅಗ್ಗದ ಪ್ಲಾಸ್ಟಿಕ್ ಆಟಿಕೆಯೊಂದರಿಂದ. ಆಮೇಲೆ ಯಾವನೋ ಹುಚ್ಚು ಮಾಂತ್ರಿಕನ ಪ್ರಯೋಗವಿರಬೇಕು ಎಂದು ಒಂದು ವಾಕ್ಯದ ಕಾರಣ ಅಂಟಿಸಿದರು. ಆ ಒಂದು ವಾಕ್ಯವೂ ನೂರು ಸಾಲಿನ ಪಟ್ಟಿಗಿಂತ ಮೇಲು. ಮಾಂತ್ರಿಕ ಯಾರು, ಯಾಕೆ ಮಾಡಿದ, ಈಗ ಎಲ್ಲಿದ್ದಾನೆ ಎಂದು ಕೇಳಲಿಕ್ಕಾದರೂ ಜಾಗವಿದೆ.

ಕಾರಣ ಕೊಟ್ಟರೆ ಆಟ ಎಷ್ಟು ಗಟ್ಟಿಯಾಗುತ್ತದೆ ಎಂದು ತೋರಿಸಿದ್ದು 1986ರ ವಾರ್‌ಹ್ಯಾಮರ್ ಫ್ಯಾಂಟಸಿ ರೋಲ್‌ಪ್ಲೇ. ಅಲ್ಲಿ ಕೇಯಾಸ್ ಎಂಬ ದುಷ್ಟಶಕ್ತಿ ಯಾರ ಮೈಯನ್ನು ಬೇಕಾದರೂ ಹೊಕ್ಕು ಬದಲಿಸಬಹುದು: ಬೇಕರಿಯವನನ್ನು, ನ್ಯಾಯಾಧೀಶನನ್ನು, ಹಸುಗೂಸನ್ನು. ಗುರುತು ಕಂಡರೆ ಸುಟ್ಟುಹಾಕುತ್ತಾರೆ, ಆದ್ದರಿಂದ ಮುಚ್ಚಿಟ್ಟುಕೊಳ್ಳುತ್ತಾರೆ. ಎನಿಮಿ ವಿದಿನ್ ಎಂಬ ಅದರ ಪ್ರಸಿದ್ಧ ಕ್ಯಾಂಪೇನಿನ ಆರಂಭದಲ್ಲೇ ಮ್ಯೂಟೆಂಟ್‌ಗಳ ಗುಂಪೊಂದು ಕುದುರೆ ಗಾಡಿಯ ಮೇಲೆ ದಾಳಿ ಮಾಡುತ್ತದೆ. ಆ ಗುಂಪಿನಲ್ಲಿ ಒಬ್ಬ ಆಟಗಾರರ ಪೈಕಿ ಒಬ್ಬರಿಗೆ ಹಳೆಯ ಪರಿಚಯದವನು. ಅಷ್ಟೇ ಸಾಕು, ಕತ್ತಿ ಎತ್ತಿದ ಕೈ ಅರೆಕ್ಷಣ ನಿಲ್ಲುತ್ತದೆ.

ಕನ್ನಡದಲ್ಲಿ ಆಡಿಸಲು ಹೊರಟವರಿಗೆ ಇನ್ನೊಂದು ತೊಡಕಿದೆ. ಮ್ಯೂಟೆಂಟ್ ಎಂಬುದಕ್ಕೆ ಬಾಯಿಗೆ ಮೊದಲು ಬರುವ ಪದ ವಿಕೃತ. ಸಂಸ್ಕೃತದಲ್ಲಿ ವಿಕೃತಿ ಎಂದರೆ ಮೂಲತಃ ಬದಲಾದದ್ದು ಅಷ್ಟೇ, ಪ್ರಕೃತಿಯ ಜೋಡಿ ಪದ. (2010ರ ಯುಗಾದಿಗೆ ಬಂದದ್ದು ವಿಕೃತಿ ಸಂವತ್ಸರ, ಎಲ್ಲರೂ ಸಂತೋಷವಾಗಿಯೇ ಶುಭಾಶಯ ಹೇಳಿಕೊಂಡೆವು.) ಆದರೆ ಇವತ್ತಿನ ಕನ್ನಡದಲ್ಲಿ ವಿಕೃತ ಎಂದರೆ ಅಸಹ್ಯ, ಕೆಟ್ಟ ಮನಸ್ಸಿನವ. ಪದ ಬಾಯಿಂದ ಬಿದ್ದ ಕೂಡಲೇ ತೀರ್ಪೂ ಬಿದ್ದಿರುತ್ತದೆ. ಕೋವಿಡ್ ಕಾಲದಲ್ಲಿ ಪತ್ರಿಕೆಗಳು ವೈರಸ್ಸಿಗೆ ರೂಪಾಂತರಿ ಎಂದು ಬಳಸಿದವು. ಅದು ವಾಸಿ. ಅದರಲ್ಲಿ ಬದಲಾವಣೆ ಇದೆ, ಬೈಗುಳ ಇಲ್ಲ.

ಎರಡು ತಲೆ ಎಂದರೆ ದುಷ್ಟ ಎಂದು ನಮಗೆ ಯಾರೂ ಹೇಳಿಕೊಟ್ಟಿಲ್ಲ. ಕರ್ನಾಟಕದ ರಾಜ್ಯ ಲಾಂಛನದ ನಡುವೆ ಇರುವುದೇ ಎರಡು ತಲೆಯ ಗಂಡಭೇರುಂಡ, ಅಕ್ಕಪಕ್ಕ ಕಾವಲಿಗೆ ಆನೆ ಸಿಂಹ ಬೆರೆತ ಗಜಕೇಸರಿ. ಎಂಟು ಕಡೆ ಡೊಂಕಾಗಿ ಹುಟ್ಟಿದ ಅಷ್ಟಾವಕ್ರ ಜನಕನ ಆಸ್ಥಾನದಲ್ಲಿ ಪಂಡಿತರನ್ನು ಸೋಲಿಸಿದ ಕಥೆ ಅಜ್ಜಿಯರಿಂದ ಕೇಳಿದ್ದೇವೆ. ಅಮೆರಿಕದ ಪಟ್ಟಿ ಕೈಗೆ ಬಂದ ಕೂಡಲೇ ಇದನ್ನೆಲ್ಲ ಮರೆಯಬೇಕೇ?

ಇದು ಬರೀ ಆಟ, ಇಷ್ಟೊಂದು ಯಾಕೆ ಎಳೆಯಬೇಕು ಎನ್ನುವವರಿಗೆ ಕಾಸರಗೋಡಿನ ಗೇರು ತೋಟಗಳನ್ನು ನೆನಪಿಸಬೇಕು. ಎರಡು ದಶಕಕ್ಕೂ ಹೆಚ್ಚು ಕಾಲ ಅಲ್ಲಿ ಆಕಾಶದಿಂದ ಎಂಡೋಸಲ್ಫಾನ್ ಸುರಿಯಿತು. ತೋಟದ ಕೆಳಗಿನ ಹಳ್ಳಿಗಳಲ್ಲಿ, ಕನ್ನಡ ತುಳು ಮಾತಾಡುವ ಮನೆಗಳಲ್ಲೂ, ತಲೆ ಊದಿದ, ಕೈಕಾಲು ತಿರುಚಿದ ಮಕ್ಕಳು ಹುಟ್ಟಿದರು. 2011ರಲ್ಲಿ ಸುಪ್ರೀಂ ಕೋರ್ಟ್ ಆ ವಿಷವನ್ನು ದೇಶದಲ್ಲೆಲ್ಲ ತಡೆಯಿತು. ಆ ಮಕ್ಕಳನ್ನು ಮ್ಯೂಟೆಂಟ್ ಎನ್ನಲು ಯಾರಿಗೂ ನಾಲಿಗೆ ಏಳಬಾರದು. ಆದರೆ ಪಟ್ಟಿಯ ಸಾಲುಗಳನ್ನು ಒಮ್ಮೆ ನಿಧಾನವಾಗಿ ಓದಿ ನೋಡಿ. ಊದಿದ ತಲೆ, ತಿರುಚಿದ ಕಾಲು, ಸುಲಿದ ಚರ್ಮ. ಅವು ಯಾರ ಮೈಯಿಂದ ತೆಗೆದ ಗುರುತುಗಳು? ವಿಷ ಸುರಿದವರ ಮೈಯಿಂದಂತೂ ಅಲ್ಲ.

ವಾರವಿಡೀ ಆಫೀಸಿನಲ್ಲಿ ಬೆಂದು ಭಾನುವಾರ ನಾಲ್ಕು ಏಟು ಹಾಕೋಣ ಎಂದು ಬಂದವರಿಗೆ ಪಾಠ ಬೇಡ, ಒಪ್ಪೋಣ. ಪಾಠ ಮಾಡಬೇಕಾಗಿಯೂ ಇಲ್ಲ. ಹಳ್ಳದ ಮೇಲ್ಗಡೆ ಮಾಂತ್ರಿಕರ ಮಠವೊಂದಿರಲಿ. ಕೆಟ್ಟುಹೋದ ಕಷಾಯಗಳನ್ನು ಅವರು ಹಳ್ಳಕ್ಕೇ ಚೆಲ್ಲಲಿ. ಮೊದಲ ವಾರ ಸಂತೆಯಲ್ಲಿ ಕಾಲಿರುವ ಮೀನು ಅಗ್ಗಕ್ಕೆ ಮಾರಾಟಕ್ಕೆ ಬರಲಿ, ಆಟಗಾರರು ಕೊಂಡು ತಿನ್ನಲಿ. ಎರಡನೇ ವಾರ ಹಿಟ್ಟಿನ ಗಿರಣಿಯ ಹುಡುಗಿ ಸೆಕೆಯಲ್ಲೂ ಶಾಲು ಹೊದ್ದು ಕೆಲಸ ಮಾಡುತ್ತಿರಲಿ, ಯಾರಿಗಿಂತಲೂ ಬೇಗ ಮೂಟೆ ಕಟ್ಟಲಿ. ಮೂರನೇ ವಾರ ಊರ ಪಟೇಲ ಆಟಗಾರರನ್ನು ಕರೆದು, ಕಾಡಿನಲ್ಲಿ ಏನೋ ಒಂದು ಸೇರಿಕೊಂಡಿದೆ, ಮುಗಿಸಿ ಬನ್ನಿ, ಐವತ್ತು ಚಿನ್ನದ ನಾಣ್ಯ ಎನ್ನಲಿ. ಕಾಡಿನಲ್ಲಿರುವುದು ಗಿರಣಿ ಹುಡುಗಿಯ ತಮ್ಮ. ಹೊಡೆದಾಟ ಬೇಕಾದವರಿಗೆ ಮಠದ ಕಾವಲುಗಾರರು ಬೇಕಾದಷ್ಟು ಇದ್ದಾರೆ.

ಅಷ್ಟಾದರೂ ಐವರಲ್ಲಿ ಒಬ್ಬಿಬ್ಬರು ನಾಣ್ಯ ತೆಗೆದುಕೊಳ್ಳೋಣ ಎನ್ನುತ್ತಾರೆ. ಎನ್ನಲಿ. ಹುಡುಗನ ಹೆಸರು ಕೇಳಿದ ಮೇಲೆ ಎನ್ನಲಿ.