ಚಂದ್ರನ ಮೇಲೆ ಒಬ್ಬನೇ ಮೂರು ವರ್ಷ

ಬಾಹ್ಯಾಕಾಶದ ಸಿನಿಮಾ ಎಂದೊಡನೆ ನಮ್ಮಲ್ಲಿ ಹೆಚ್ಚಿನವರ ಕಣ್ಣಮುಂದೆ ಬರುವುದು ಹಾರುವ ನೌಕೆಗಳು, ಬೆಂಕಿಯುಗುಳುವ ಬಂದೂಕುಗಳು, ಇಲ್ಲವೇ ಬೇರಾವುದೋ ಗ್ರಹದ ವಿಚಿತ್ರ ಪ್ರಾಣಿ. ಇವ್ಯಾವುವೂ ಇಲ್ಲದ ಒಂದು ಚಿತ್ರವನ್ನು ನೀವು ನೋಡಬೇಕೆಂದು ಈ ವಾರ ಶಿಫಾರಸು ಮಾಡುತ್ತಿದ್ದೇನೆ. ಆರೋಗ್ಯದ ಅಂಕಣದಲ್ಲಿ ಸಿನಿಮಾ ಏಕೆ ಎಂದು ನೀವು ಕೇಳಬಹುದು. ಒಂಟಿತನ ಮನುಷ್ಯನನ್ನು ಹೇಗೆ ಹಣ್ಣು ಮಾಡುತ್ತದೆ ಎಂಬುದನ್ನು ಈ ಚಿತ್ರ ನಾನು ಕಾಲೇಜಿನಲ್ಲಿ ಓದಿದ ಪುಸ್ತಕಗಳಿಗಿಂತ ಚೆನ್ನಾಗಿ ತೋರಿಸಿದೆ.

ಚಿತ್ರದ ಹೆಸರು ‘ಮೂನ್’. 2009ರಲ್ಲಿ ತೆರೆಕಂಡ ಇದು ಬ್ರಿಟನ್ನಿನ ಡಂಕನ್ ಜೋನ್ಸ್ ನಿರ್ದೇಶಿಸಿದ ಮೊದಲ ಚಿತ್ರ. ತಗುಲಿದ ಖರ್ಚು ಸುಮಾರು 50 ಲಕ್ಷ ಡಾಲರ್. ಹಾಲಿವುಡ್ಡಿನ ಲೆಕ್ಕದಲ್ಲಿ ಇದು ಪುಡಿಗಾಸು. ಅದೇ ವರ್ಷ ಬಂದ ‘ಅವತಾರ್’ನ ಅಬ್ಬರದಲ್ಲಿ ಇದನ್ನು ಕೇಳಿದವರೇ ಕಡಿಮೆ. ಆಸ್ಕರಿನವರು ನಾಮಕರಣ ಕೂಡ ಮಾಡಲಿಲ್ಲ. ಚಿತ್ರವನ್ನು ಹೆಚ್ಚುಕಡಿಮೆ ಒಬ್ಬನೇ ಹೊತ್ತ ಸ್ಯಾಮ್ ರಾಕ್‌ವೆಲ್‌ಗೆ ಇದು ಅನ್ಯಾಯವೆಂದೇ ನನ್ನ ಅಭಿಪ್ರಾಯ.

ಕಥಾನಾಯಕನ ಹೆಸರೂ ಸ್ಯಾಮ್. ಚಂದ್ರನ ಆಚೆ ಮಗ್ಗುಲಲ್ಲಿ ಹೀಲಿಯಂ-3 ತೆಗೆಯುವ ಕಂಪೆನಿಯೊಂದರ ನೌಕರ. ಮೂರು ವರ್ಷದ ಕರಾರು, ಜೊತೆಗೆ ಒಬ್ಬ ನರಪ್ರಾಣಿಯೂ ಇಲ್ಲ. ಇರುವುದು ಮಾತನಾಡುವ ಒಂದು ಯಂತ್ರ ಮಾತ್ರ. ಭೂಮಿಯೊಡನೆ ನೇರ ಸಂಪರ್ಕ ಕೊಡುವ ಉಪಗ್ರಹ ಕೆಟ್ಟಿದೆಯೆಂದು ಅವನಿಗೆ ಹೇಳಲಾಗಿದೆ. ಹೆಂಡತಿಯ ಮಾತು ಬರುವುದು ಮುದ್ರಿಸಿದ ವೀಡಿಯೋದಲ್ಲಿ, ಇವನ ಉತ್ತರ ಹೋಗುವುದೂ ಹಾಗೆಯೇ. ಊರಿಗೆ ಮರಳಲು ಇನ್ನು ಎರಡೇ ವಾರ ಇರುವಾಗ ತಲೆನೋವು ಶುರುವಾಗುತ್ತದೆ, ಇಲ್ಲದ ಹೆಣ್ಣೊಬ್ಬಳು ಕುರ್ಚಿಯಲ್ಲಿ ಕುಳಿತಂತೆ ಕಾಣುತ್ತದೆ, ಬಿಸಿನೀರಿನಲ್ಲಿ ಕೈ ಸುಟ್ಟುಕೊಳ್ಳುತ್ತಾನೆ.

ಗಮನಿಸಿ, ಈತ ದುರ್ಬಲ ಮನಸ್ಸಿನವನಲ್ಲ. ಟ್ರೆಡ್‌ಮಿಲ್ಲಿನ ಮೇಲೆ ಓಡುತ್ತಾನೆ, ಗಿಡಗಳನ್ನು ಮಾತನಾಡಿಸುತ್ತಾನೆ, ಮರದಲ್ಲಿ ತನ್ನ ಊರಿನ ಮಾದರಿ ಕೆತ್ತುತ್ತಾನೆ. ನಾವು ವೈದ್ಯರು ಒಂಟಿ ಜೀವಿಗಳಿಗೆ ಹೇಳುವ ಬುದ್ಧಿಮಾತುಗಳನ್ನೆಲ್ಲ ಅವನು ತಾನಾಗಿಯೇ ಪಾಲಿಸುತ್ತಿದ್ದಾನೆ. ಆದರೂ ಸವೆಯುತ್ತಾನೆ. (ಅವನ ಮೈ ಸವೆಯಲು ಇನ್ನೊಂದು ಕಾರಣವೂ ಇದೆ. ಅದನ್ನು ಹೇಳಿ ನೋಡದವರ ರುಚಿ ಕೆಡಿಸುವುದಿಲ್ಲ.)

ಇದೆಲ್ಲ ಕಥೆಗಾರರ ಕಲ್ಪನೆ ಎನ್ನುವವರಿಗೆ ಒಂದು ನಿಜವಾದ ಪ್ರಯೋಗದ ಬಗ್ಗೆ ಹೇಳುತ್ತೇನೆ. ಮಂಗಳಯಾತ್ರೆಯ ಅಣಕು ಪ್ರಯೋಗವೆಂದು 2010ರ ಜೂನ್‌ನಿಂದ 2011ರ ನವೆಂಬರ್‌ವರೆಗೆ, 520 ದಿನ, ಮಾಸ್ಕೋದಲ್ಲಿ ಆರು ಗಂಡಸರನ್ನು ಮುಚ್ಚಿದ ಕೋಣೆಗಳಲ್ಲಿ ಇರಿಸಿದ್ದರು. ಎಲ್ಲರೂ ಆರಿಸಿ ತಂದ ಗಟ್ಟಿ ಆಳುಗಳು. ದಿನ ಕಳೆದಂತೆ ಓಡಾಟ ಕುಗ್ಗಿತು, ಮಲಗುವುದು ಕೂರುವುದು ಹೆಚ್ಚಿತು. ಒಬ್ಬನಿಗೆ ಹಗಲುರಾತ್ರಿಯ ಲೆಕ್ಕವೇ ತಪ್ಪಿ, ಅವನ ದಿನ ಸುಮಾರು 25 ಗಂಟೆಯದಾಯಿತು. ಉಳಿದವರು ಮಲಗಿದಾಗ ಇವನು ಎದ್ದಿರುತ್ತಿದ್ದ. ಇನ್ನೊಬ್ಬನಲ್ಲಿ ಬಹುತೇಕ ಎಲ್ಲ ವಾರಗಳಲ್ಲೂ ಖಿನ್ನತೆಯ ಲಕ್ಷಣಗಳಿದ್ದವು. ಯಾವ ತೊಂದರೆಯೂ ಕಾಣದೆ ಹೊರಬಂದವರು ಇಬ್ಬರೇ. ನೆನಪಿಡಿ, ಇವರು ಭೂಮಿ ಬಿಟ್ಟು ಒಂದಡಿಯೂ ಮೇಲೆ ಹೋಗಿರಲಿಲ್ಲ!

ಹಾಗೆಂದು ಬಾಹ್ಯಾಕಾಶಕ್ಕೆ ಹೋದವರೆಲ್ಲ ಕುಸಿಯುತ್ತಾರೆ ಎಂದಲ್ಲ. ರಷ್ಯದ ವಲೇರಿ ಪೊಲ್ಯಾಕೋವ್ 1994-95ರಲ್ಲಿ ‘ಮಿರ್’ ನಿಲ್ದಾಣದಲ್ಲಿ ಒಂದೇ ಸಮನೆ 437 ದಿನ ಇದ್ದು ಬಂದರು. ಅವರು ಸ್ವತಃ ವೈದ್ಯರು ಎಂದು ಹೇಳಿಕೊಳ್ಳಲು ನನಗೆ ಹೆಮ್ಮೆ. ಆದರೆ ಅವರಿಗೆ ಜೊತೆಗಾರರಿದ್ದರು, ಭೂಮಿಯವರೊಡನೆ ಮಾತಿತ್ತು. ಮಂಗಳಕ್ಕೆ ಹೋಗುವವರಿಗೆ ಆ ಭಾಗ್ಯವಿಲ್ಲ. ಅತಿ ದೂರದಲ್ಲಿದ್ದಾಗ ರೇಡಿಯೋ ಸಂದೇಶ ತಲುಪಲು 20 ನಿಮಿಷಕ್ಕೂ ಮಿಕ್ಕಿ ಬೇಕು. ‘ಹೇಗಿದ್ದೀರಿ?’ ಎಂದು ಈಗ ಕೇಳಿದರೆ ಉತ್ತರ ಬರುವುದು ಮುಕ್ಕಾಲು ಗಂಟೆಯ ಸುಮಾರಿಗೆ. ಅದನ್ನು ಸಂಭಾಷಣೆ ಎನ್ನಲಾದೀತೆ?

ನನ್ನನ್ನು ಕಾಡಿದ್ದು ಮಾತ್ರ ಬೇರೆಯೇ ವಿಷಯ. ‘ಮೂನ್’ನಲ್ಲಿ ದೂರವೇ ಖಳನಾಯಕನಲ್ಲ. ಉಪಗ್ರಹ ಕೆಟ್ಟಿರುವುದೇ ಸುಳ್ಳು. ನೇರ ಸಂಪರ್ಕಕ್ಕೆ ಬೇಕೆಂದೇ ತಡೆ ಹಾಕಿರುತ್ತಾರೆ. ಅಂದರೆ ಅವನ ಒಂಟಿತನ ಆಕಾಶ ಕೊಟ್ಟದ್ದಲ್ಲ, ಕಳಿಸಿದವರು ಕೊಟ್ಟದ್ದು. ಬಾಹ್ಯಾಕಾಶದ ಮಾನಸಿಕ ಅಪಾಯ ಎಂದಾಗಲೆಲ್ಲ ನಾವು ಹೋಗುವವನ ಗುಂಡಿಗೆಯನ್ನು ಅಳೆಯುತ್ತೇವೆ. ಕಳಿಸುವವರು ಅವನಿಗೆ ನಿಜ ಹೇಳುತ್ತಾರೆಯೇ, ‘ನನಗೆ ಆಗುತ್ತಿಲ್ಲ’ ಎಂದರೆ ಕೆಲಸ ಕಳೆಯದೆ ಕೇಳಿಸಿಕೊಳ್ಳುತ್ತಾರೆಯೇ ಎಂದು ಅಳೆಯುವವರು ಯಾರು? ನಮ್ಮ ಗಗನಯಾನದ ಸಿದ್ಧತೆ ನಡೆದಿರುವುದು ಬೆಂಗಳೂರಿನಲ್ಲೇ. ಮೊದಲ ಯಾತ್ರೆ ಕೆಲವೇ ದಿನದ್ದು, ಅದಕ್ಕೆ ಚಿಂತೆಯಿಲ್ಲ. ಆದರೆ 2035ರ ಹೊತ್ತಿಗೆ ನಮ್ಮದೇ ನಿಲ್ದಾಣ ಎಂಬ ಗುರಿಯಿದೆ. ಅಲ್ಲಿ ತಿಂಗಳುಗಟ್ಟಲೆ ಇರುವವರಿಗೆ ಈ ಪ್ರಶ್ನೆ ಬಂದೇ ಬರುತ್ತದೆ.

ದವಾಖಾನೆಯಲ್ಲೂ ಇದನ್ನು ಕಾಣುತ್ತೇನೆ. ದೂರದಲ್ಲಿ ಒಬ್ಬಂಟಿಯಾಗಿ ದುಡಿದು ರಜೆಗೆ ಬಂದವರು ತಲೆನೋವು, ಎದೆಯುರಿ, ನಿದ್ದೆಯಿಲ್ಲ ಎನ್ನುತ್ತಾರೆ. ಮನಸ್ಸಿನ ಸುದ್ದಿ ಎತ್ತಿದರೆ ‘ಅಂಥದ್ದೇನಿಲ್ಲ ಡಾಕ್ಟ್ರೇ’ ಎಂದು ನಗುತ್ತಾರೆ. ಮನೆಯವರು ಮೊಬೈಲಿನಲ್ಲಿ ಧ್ವನಿ ಸಂದೇಶ ಕಳಿಸಿ ಮಾತಾಡಿಸಿದೆವು ಎಂದುಕೊಂಡಿರುತ್ತಾರೆ. ಸಾಧ್ಯವಾದಾಗ ನೇರ ಕರೆ ಮಾಡಿ, ಆ ಕಡೆಯವರು ತಡವರಿಸಿದರೆ ಅದೂ ಕಿವಿಗೆ ಬೀಳಲಿ. ನಿದ್ದೆ ಎರಡು ವಾರ ಮೀರಿ ಕೆಟ್ಟಿದ್ದರೆ ವೈದ್ಯರಿಗೆ ತೋರಿಸಿ. ಇಲ್ಲದ್ದು ಕಾಣುವುದು, ಕೇಳಿಸುವುದು ಇದ್ದರೆ ಆ ದಿನವೇ ತೋರಿಸಿ.

ಚಿತ್ರ ನಿಧಾನ, ಬೈಗುಳಗಳೂ ಇವೆ, ಚಿಕ್ಕ ಮಕ್ಕಳಿಗೆ ಬೇಡ. ನನ್ನ ಮಗ ಅರ್ಧದಲ್ಲೇ ಆಕಳಿಸುತ್ತ ಎದ್ದುಹೋದ. ಕಡೆಯ ಭಾಗದಲ್ಲಿ ಸ್ಯಾಮ್ ಗಾಡಿ ಹತ್ತಿ ಆ ತಡೆಯ ಗೆರೆ ದಾಟಿ, ನೇರವಾಗಿ ಮನೆಗೆ ಕರೆ ಮಾಡುತ್ತಾನೆ. ಯಾರು ಉತ್ತರಿಸುತ್ತಾರೆ ಎಂದು ಇಲ್ಲಿ ಬರೆಯಲಾರೆ. ಅಲ್ಲಿಯವರೆಗೆ ವೈದ್ಯನ ಕಣ್ಣಿನಿಂದ ಅವನ ರೋಗಲಕ್ಷಣಗಳನ್ನು ಎಣಿಸುತ್ತಿದ್ದವನು ಆಮೇಲೆ ಎಣಿಸುವುದನ್ನು ಬಿಟ್ಟೆ.