ಮರೆತವರ ಮಾನ

“ಅರವತ್ತಕ್ಕೆ ಅರಳುಮರಳು” ಎಂಬ ಗಾದೆ ನಮ್ಮಲ್ಲಿ ಎಲ್ಲರಿಗೂ ಪರಿಚಿತವಾದುದು. ಹಿರಿಯರ ಮರೆವನ್ನು ನಕ್ಕು ತೇಲಿಸಿಬಿಡಲು ಈ ಮಾತು ಸಾಕು. ಆದರೆ ಡಿಮೆನ್ಷಿಯಾ ಎಂಬುದು ಮುಪ್ಪಿನ ಸಹಜಧರ್ಮವಲ್ಲ. ಮಿದುಳಿಗೆ ತಗಲುವ ವ್ಯಾಧಿ. ಅದರ ಒಂದು ಪ್ರಧಾನ ರೂಪವನ್ನು ಜರ್ಮನಿಯ ವೈದ್ಯ ಅಲೋಯಿಸ್ ಆಲ್ಝೈಮರ್ 1906ರಲ್ಲಿಯೇ ವಿವರಿಸಿದನು. ಇಂಥ ರೋಗಿಗಳನ್ನು ನೋಡಿಕೊಳ್ಳುವ ಆರೈಕೆಯ ಮನೆಗಳು ಈಗ ನಮ್ಮ ನಗರಗಳಲ್ಲಿಯೂ ಇವೆ. ಅಲ್ಲಿ ಅನ್ನ, ಔಷಧಿಗಳು ದೊರೆತರೆ ಸಾಕೇ? ಸಾಲದೆಂಬುದು ನನ್ನ ಅಭಿಪ್ರಾಯ.

ಹೆಸರನ್ನು ಮರೆತವರು ನಾಚಿಕೆಯನ್ನೂ ಮರೆತಿರುವರೆಂದು ಬಗೆಯುವುದು ದೊಡ್ಡ ಪ್ರಮಾದ. ನಿನ್ನೆ ಸ್ನಾನ ಮಾಡಿಸಿದ ಆಯಾಳ ಗುರುತು ಇಂದು ಆ ವೃದ್ಧೆಗೆ ಇರಲಿಕ್ಕಿಲ್ಲ. ಅವರ ಪಾಲಿಗೆ ಪ್ರತಿ ಬೆಳಗ್ಗೆಯೂ ಯಾರೋ ಅಪರಿಚಿತರು ಬಂದು ಸೀರೆಗೆ ಕೈಹಾಕಿದಂತೆಯೇ ಸರಿ. ಆಗ ಅವರು ಕೂಗುತ್ತಾರೆ, ಹೊಡೆಯುತ್ತಾರೆ. ನಾವು ಅದನ್ನು ಹಟವೆನ್ನುತ್ತೇವೆ. ಅದು ತಮ್ಮ ಮಾನವನ್ನು ಕಾಪಾಡಿಕೊಳ್ಳಲು ಅವರು ಮಾಡುವ ಕೊನೆಯ ಪ್ರಯತ್ನವಾಗಿರಬಹುದು.

“ಹತ್ತಾರು ಮಂದಿಗೆ ಒಬ್ಬಳೇ ಆಯಾ ಇರುವಲ್ಲಿ ಇಷ್ಟೆಲ್ಲ ನಯನಾಜೂಕು ಸಾಧ್ಯವೇ?” ಎಂದು ಕೆಲವರು ಆಕ್ಷೇಪಿಸಬಹುದು. ಆಕ್ಷೇಪಣೆ ನಿರಾಧಾರವೇನಲ್ಲ. ಆದರೆ ಅಮೆರಿಕದ ನರ್ಸಿಂಗ್ ಹೋಂಗಳಲ್ಲಿ ನಡೆದು 2004ರಲ್ಲಿ ಪ್ರಕಟವಾದ ಸಂಶೋಧನೆಯೊಂದನ್ನು ಇಲ್ಲಿ ನೆನೆಯಬೇಕು. ಅಲ್ಲಿ ಒಂದು ವಿಧಾನದಲ್ಲಿ ಅವರವರ ರೂಢಿ, ಇಷ್ಟಗಳನ್ನು ಅರಿತು ಸ್ನಾನ ಮಾಡಿಸಿದರು. ಇನ್ನೊಂದರಲ್ಲಿ ಹಾಸಿಗೆಯಲ್ಲಿಯೇ ಬೆಚ್ಚನೆಯ ಒದ್ದೆ ಟವೆಲು ಹೊದಿಸಿ, ಮೈ ಬಯಲಾಗದಂತೆ ಒರೆಸಿದರು. ಎರಡರಲ್ಲಿಯೂ ರೋಗಿಗಳ ಉದ್ವೇಗ ಗಣನೀಯವಾಗಿ ತಗ್ಗಿತು. ಗುದ್ದಾಟ ತಗ್ಗಿದರೆ ಆಯಾಳ ಶ್ರಮವೂ ತಗ್ಗುವುದಷ್ಟೆ!

ಬೇಕಾದುದು ವಿಶೇಷವೇನಲ್ಲ. ಬಾಗಿಲು ತಟ್ಟಿ ಒಳಗೆ ಹೋಗುವುದು. “ಈಗ ಬೆನ್ನಿಗೆ ನೀರು ಹಾಕುತ್ತೇನೆ, ಅಮ್ಮಾ” ಎಂದು ಹೇಳಿ ಹಾಕುವುದು. ಶಕ್ತಿಯಿರುವವರೆಗೆ ತಂಬಿಗೆಯನ್ನು ಅವರ ಕೈಗೇ ಕೊಡುವುದು. ಬಟ್ಟೆ ಒದ್ದೆಯಾದುದನ್ನು ನಾಲ್ವರ ಮುಂದೆ ಸಾರದಿರುವುದು. ಇದು ಕೇವಲ ದಯೆಯ ಮಾತಲ್ಲ. ನಮ್ಮ ದೇಶದ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು ಚಿಕಿತ್ಸಾಸಂಸ್ಥೆಗಳಲ್ಲಿರುವ ಮಾನಸಿಕ ಅಸ್ವಸ್ಥರಿಗೆ ಏಕಾಂತವನ್ನೂ, ಮೈ ಮುಚ್ಚುವ ಯೋಗ್ಯ ಉಡುಪನ್ನೂ ಹಕ್ಕೆಂದು ಒಪ್ಪಿದೆ. ಆ ತತ್ತ್ವವು ಎಲ್ಲ ಆರೈಕೆಯ ಮನೆಗಳಿಗೂ ಸಲ್ಲಬೇಕು.

ನಾಳೆ ನಮ್ಮ ಹಿರಿಯರನ್ನು ಇಂಥ ಕಡೆ ಸೇರಿಸಬೇಕಾಗಿ ಬಂದರೆ, ಕಟ್ಟಡದ ಅಂದಚಂದವನ್ನು ನೋಡುವ ಮೊದಲು ಎರಡು ಪ್ರಶ್ನೆಗಳನ್ನು ಕೇಳೋಣ: ಇಲ್ಲಿ ಸ್ನಾನ ಮಾಡಿಸುವವರು ಎಷ್ಟು ಮಂದಿ? ಒಬ್ಬೊಬ್ಬರಿಗೆ ಎಷ್ಟು ಹೊತ್ತು ಕೊಡುತ್ತೀರಿ? ಬಾಯಿಬಿಟ್ಟು ಕೇಳಲಾರದವರ ಪರವಾಗಿ ಕೇಳುವುದು ವಿದ್ಯಾವಂತರಾದ ನಮ್ಮ ಕರ್ತವ್ಯ.