ಪ್ರಾರ್ಥನೆಯೋ, ದೂರೋ?

ಹಿಂಸಿಸುವವರಿಗಾಗಿ ಪ್ರಾರ್ಥಿಸಿ ಎಂಬ ಯೇಸುವಿನ ಮಾತು ಪರ್ವತ ಪ್ರಸಂಗದಲ್ಲಿದೆ. ಕ್ರೈಸ್ತರಲ್ಲಿ ಅದರ ಬಗ್ಗೆ ತಕರಾರಿಲ್ಲ. ಭಿನ್ನಾಭಿಪ್ರಾಯ ಹುಟ್ಟುವುದು ಆಮೇಲೆ: ನಿಂದೆಗೆ, ಹಲ್ಲೆಗೆ ಗುರಿಯಾದವರು ಪ್ರಾರ್ಥಿಸಿ ಸುಮ್ಮನಾಗಬೇಕೇ, ಅಥವಾ ಪೊಲೀಸ್ ಠಾಣೆಗೂ ಹೋಗಬಹುದೇ?

ಸುಮ್ಮನಿರಬೇಕೆನ್ನುವವರ ನಿಲುವನ್ನು ಹೇಡಿತನವೆಂದು ತಳ್ಳಿಹಾಕುವುದು ಅನ್ಯಾಯವಾದೀತು. ಶಿಲುಬೆಯ ಮೇಲಿದ್ದ ಯೇಸು ತಮ್ಮನ್ನು ಕೊಲ್ಲುತ್ತಿದ್ದವರಿಗೆ ಕ್ಷಮೆ ಬೇಡಿದರು. ಕಲ್ಲೇಟಿಗೆ ಬಲಿಯಾದ ಸ್ತೆಫನನೂ ಹಾಗೆಯೇ ಮಾಡಿದ. ಆ ಕೊಲೆಗೆ ಸಮ್ಮತಿಸಿದ್ದ ಸೌಲನೇ ಮುಂದೆ ಅಪೊಸ್ತಲ ಪೌಲನಾದ ಎಂಬುದು ಇವರ ಬಲವಾದ ಆಧಾರ. ವೈರಿಯ ಹೆಸರನ್ನು ದಿನವೂ ದೇವರೆದುರು ಹೇಳುತ್ತ ಬಂದವನಿಗೆ ದ್ವೇಷವನ್ನು ಕಾಪಿಟ್ಟುಕೊಳ್ಳುವುದು ಕಷ್ಟ. ದೂರು, ಪ್ರತಿದೂರುಗಳ ಗದ್ದಲದಲ್ಲಿ ಈ ಬದಲಾವಣೆಗೆ ಎಡೆ ಕಡಿಮೆ. ಊರಲ್ಲಿ ಎರಡೇ ಮನೆ ಕ್ರೈಸ್ತರಿದ್ದರೆ, ಕೇಸು ಗೆದ್ದ ಮೇಲೂ ಅದೇ ಬೀದಿಯಲ್ಲಿ ಬಾಳಬೇಕೆಂಬ ಲೆಕ್ಕವೂ ಸಣ್ಣದಲ್ಲ.

ಆದರೆ ಅದೇ ಪೌಲ ಫಿಲಿಪ್ಪಿಯಲ್ಲಿ ಬೇರೆ ರೀತಿ ನಡೆದುಕೊಂಡ. ವಿಚಾರಣೆಯಿಲ್ಲದೆ ಛಡಿಯೇಟು ತಿಂದು ಸೀಲನೊಂದಿಗೆ ಸೆರೆಮನೆ ಸೇರಿದವನು ನಡುರಾತ್ರಿ ಪ್ರಾರ್ಥಿಸಿ ಹಾಡಿದ್ದನ್ನು ಪ್ರಸಂಗಗಳಲ್ಲಿ ಮತ್ತೆ ಮತ್ತೆ ಕೇಳುತ್ತೇವೆ. ಬೆಳಗಾದ ಮೇಲಿನ ಕಥೆ ಅಷ್ಟಾಗಿ ಕೇಳಿಬರುವುದಿಲ್ಲ. ಗುಟ್ಟಾಗಿ ಬಿಟ್ಟುಕಳಿಸಲು ಅಧಿಕಾರಿಗಳು ಹೊರಟಾಗ ಅವನು ಒಪ್ಪಲಿಲ್ಲ. ರೋಮನ್ ಪೌರರನ್ನು ಬಹಿರಂಗವಾಗಿ ಹೊಡೆಸಿದವರು ತಾವೇ ಬಂದು ಹೊರಗೆ ಕರೆದೊಯ್ಯಲಿ ಎಂದ. ಅವರು ಬಂದರು. ತಾನು ಹೋದ ಮೇಲೆ ಆ ಊರಲ್ಲಿ ಉಳಿಯುವ ಹೊಸ ವಿಶ್ವಾಸಿಗಳ ರಕ್ಷಣೆಯೂ ಅವನ ಮನಸ್ಸಿನಲ್ಲಿತ್ತೇನೋ. ಯೆರೂಸಲೇಮಿನ ಗೋಡೆ ಕಟ್ಟಿಸುತ್ತಿದ್ದ ನೆಹೆಮೀಯನೂ ಸನ್ಬಲ್ಲಟ, ಟೋಬೀಯರ ಗೇಲಿಗೆ ಪ್ರಾರ್ಥನೆಯಿಂದ ಉತ್ತರಿಸಿದ, ಬೆದರಿಕೆ ಬಂದಾಗ ಹಗಲಿರುಳು ಕಾವಲನ್ನೂ ಇಟ್ಟ. (ಆ ಪ್ರಾರ್ಥನೆಯೇನೂ ಮೃದುವಾಗಿರಲಿಲ್ಲ.) ಇನ್ನೊಂದು ಆಕ್ಷೇಪ ಇದಕ್ಕಿಂತ ತೀಕ್ಷ್ಣ: ತಾಳ್ಮೆಯ ಉಪದೇಶ ಬಹುಪಾಲು ಪೆಟ್ಟು ತಿನ್ನದವರ ಬಾಯಿಂದಲೇ ಬರುತ್ತದೆ. ಗಂಡನ ಹೊಡೆತ ಸಹಿಸುವ ಹೆಂಗಸಿಗೆ ಪ್ರಾರ್ಥಿಸು ಎಂದಷ್ಟೇ ಹೇಳಿ ಕಳಿಸಿದರೆ ಹೊಡೆಯುವವನಿಗೇ ಅನುಕೂಲ.

ಹಾಗೆಂದು ಹೋರಾಟದ ದಾರಿ ನಿರಪಾಯಕಾರಿಯಲ್ಲ. ಹಕ್ಕಿನ ಮಾತು ಸೇಡಿನ ಮಾತಾಗಲು ಹೆಚ್ಚು ಹೊತ್ತು ಬೇಡ. ಪ್ರಾರ್ಥನೆಯೊಳಗಿನ ಸಿಟ್ಟಿನ ಬಗ್ಗೆಯೇ ಸಭೆಗೆ ಅಳುಕಿದೆ: ಎರಡನೇ ವ್ಯಾಟಿಕನ್ ಮಹಾಸಭೆಯ ನಂತರ ಪರಿಷ್ಕರಿಸಿದ ಕ್ಯಾಥೊಲಿಕ್ ನಿತ್ಯಪ್ರಾರ್ಥನೆಯಿಂದ ಶಾಪದ ನುಡಿಗಳಿರುವ 58, 83, 109ನೇ ಕೀರ್ತನೆಗಳನ್ನು ಕೈಬಿಡಲಾಯಿತು. ನೊಂದವರು ಆ ಸಿಟ್ಟನ್ನು ದೇವರ ಮುಂದಲ್ಲದೆ ಇನ್ನೆಲ್ಲಿ ಸುರಿಯಬೇಕು ಎಂಬ ಪ್ರಶ್ನೆಯೂ ಉಳಿದೇ ಇದೆ.

ಒಡಿಶಾದ ಮನೋಹರಪುರದಲ್ಲಿ 1999ರ ಜನವರಿಯಲ್ಲಿ ಮಿಷನರಿ ಗ್ರಹಾಂ ಸ್ಟೇನ್ಸ್ ಮತ್ತು ಅವರ ಇಬ್ಬರು ಗಂಡುಮಕ್ಕಳನ್ನು ಜೀಪಿನಲ್ಲಿ ಸುಟ್ಟು ಕೊಂದವರನ್ನು ಪತ್ನಿ ಗ್ಲಾಡಿಸ್ ಬಹಿರಂಗವಾಗಿ ಕ್ಷಮಿಸಿದರು. ಬಾರಿಪದದಲ್ಲೇ ಉಳಿದು ಕುಷ್ಠರೋಗಿಗಳ ಸೇವೆ ಮುಂದುವರಿಸಿದರು. ಕಾನೂನು ಮಾತ್ರ ನಿಲ್ಲಲಿಲ್ಲ. ಮುಖ್ಯ ಅಪರಾಧಿಯ ಜೀವಾವಧಿ ಶಿಕ್ಷೆಯನ್ನು 2011ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಆ ಕ್ಷಮೆಯಿಂದ ಶಿಕ್ಷೆ ತಪ್ಪಲಿಲ್ಲ, ಶಿಕ್ಷೆಯಿಂದ ಕ್ಷಮೆಯೂ ಸುಳ್ಳಾಗಲಿಲ್ಲ. ಎಲ್ಲ ಸಂದರ್ಭಕ್ಕೂ ಇದು ಮಾದರಿಯೆನ್ನಲು ಹಿಂಜರಿಕೆಯಿದೆ. ಆದರೂ ಎರಡೂ ಒಟ್ಟಿಗೆ ಸಾಧ್ಯವೆಂಬುದನ್ನು ಅಲ್ಲಗಳೆಯಲಾಗದು. ಸಭಾಪಾಲಕರಲ್ಲಿ ವಿನಂತಿ ಇಷ್ಟೇ: ಏಟು ತಿಂದವರು ಬಳಿಗೆ ಬಂದಾಗ ಅವರೊಂದಿಗೆ ಪ್ರಾರ್ಥಿಸಿ, ಅವರು ಬಯಸಿದರೆ ದೂರು ಬರೆಯಲೂ ನೆರವಾಗಿ.